ಸ್ವೀಡನ್‌ನ ರಾಜಕೀಯ, ಪತ್ರಿಕೆಗಳು ಮತ್ತು ಸಲಿಂಗಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವೀಡನ್ ಮೊದಲಿಂದಲೂ ಮುಕ್ತ ಮನಸ್ಸಿನ ದೇಶ ಅಲ್ವಾ?

ಅಲ್ಲ. ಇವತ್ತು ಸ್ಟಾಕ್‌ಹೋಮ್‌ನ ಪ್ರೈಡ್ ಮೆರವಣಿಗೆಯಲ್ಲಿ, ಅಂದರೆ ಸಲಿಂಗಿಗಳು ಹೆಮ್ಮೆಯಿಂದ ನಡೆಸುವ ಮೆರವಣಿಗೆಯಲ್ಲಿ, ಮಂತ್ರಿಗಳು, ಪೊಲೀಸರು, ಪಾದ್ರಿಗಳು ಒಟ್ಟಿಗೆ ನಡೆಯುವುದನ್ನು ನೋಡಿದವರಿಗೆ ಹಾಗೆ ಅನಿಸಬಹುದು. ಆದರೆ 1944ರವರೆಗೆ ಸಲಿಂಗ ಸಂಬಂಧ ಅಲ್ಲಿ ಜೈಲಿಗೆ ಹಾಕುವಂಥ ಅಪರಾಧವಾಗಿತ್ತು. 1979ರವರೆಗೆ ಸರ್ಕಾರದ ಪಟ್ಟಿಯಲ್ಲಿ ಅದು ಕಾಯಿಲೆ. ನಡುವಿನ 1950ರ ದಶಕದಲ್ಲಿ ಸಲಿಂಗಿ ಗಂಡಸರೆಂದರೆ ಸಮಾಜಕ್ಕೇ ಅಪಾಯ ಎನ್ನುವ ಹಾಗೆ ಪತ್ರಿಕೆಗಳು ಬರೆದವು.

ಈ ಇತಿಹಾಸ ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲಿನ ಸರ್ಕಾರ ಒಂದು ಕೈಯಲ್ಲಿ ಹಕ್ಕು ಕೊಟ್ಟಾಗ ಹಲವು ಸಲ ಇನ್ನೊಂದು ಕೈಯಲ್ಲಿ ಏನನ್ನೋ ಕಿತ್ತುಕೊಂಡಿದೆ. ಅದೂ ಹೆಚ್ಚಾಗಿ ಅದೇ ವರ್ಷ. ಮುಂದಿನ ಉತ್ತರಗಳಲ್ಲಿ ಇದನ್ನು ನೀವೇ ನೋಡುತ್ತೀರಿ.

ಹಳೆಯ ಕಾನೂನಿನಲ್ಲಿ ಏನಿತ್ತು?

1608ರಲ್ಲಿ ರಾಜ ಒಂಬತ್ತನೇ ಕಾರ್ಲ್ ಬೈಬಲಿನ ಮೋಶೆಯ ನಿಯಮಗಳನ್ನು ದೇಶದ ಕಾನೂನಿಗೆ ಸೇರಿಸಿದ. ಆ ಪ್ರಕಾರ ಗಂಡಸು ಗಂಡಸಿನ ಜೊತೆ ಮಲಗಿದರೆ ಮರಣದಂಡನೆ. ಆಮೇಲೆ ಬಂದ 1734ರ ಕಾನೂನಿನಲ್ಲಿ ಈ ವಿಷಯದ ಮಾತೇ ಇಲ್ಲ. ಇದನ್ನು ದಯೆ ಅಂದುಕೊಳ್ಳಬೇಡಿ. ಇಂಥ ಪಾಪವನ್ನು ಹೆಸರಿಟ್ಟು ಬರೆದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ ಎಂಬ ಭಯ ಅದರ ಹಿಂದಿತ್ತು.

1864ರ ದಂಡ ಸಂಹಿತೆಯಲ್ಲಿ ಅದು ಮತ್ತೆ ಬರಹಕ್ಕೆ ಬಂತು. 18ನೇ ಅಧ್ಯಾಯದ 10ನೇ ಸೆಕ್ಷನ್ 'ಪ್ರಕೃತಿಗೆ ವಿರುದ್ಧವಾದ ಅನಾಚಾರ'ಕ್ಕೆ 2 ವರ್ಷದವರೆಗೆ ದುಡಿಮೆ ಸಹಿತ ಸೆರೆವಾಸ ವಿಧಿಸುತ್ತಿತ್ತು. ಪ್ರಾಣಿಗಳ ಜೊತೆಗಿನ ಕೃತ್ಯವೂ ಅದೇ ಸೆಕ್ಷನ್‌ನಲ್ಲಿತ್ತು. ಬ್ರಿಟಿಷರು ಭಾರತಕ್ಕೆ ಕೊಟ್ಟ 1860ರ ದಂಡ ಸಂಹಿತೆಯ 377ನೇ ಸೆಕ್ಷನ್ ನೆನಪಿದ್ದವರಿಗೆ ಈ ಧಾಟಿ ಪರಿಚಿತವೇ.

ಹೆಂಗಸರಿಗೂ ಈ ಕಾನೂನು ಅನ್ವಯ ಆಗುತ್ತಿತ್ತಾ?

ಆಗುತ್ತಿತ್ತು. ಇಂಗ್ಲೆಂಡ್ ಮತ್ತು ಜರ್ಮನಿಯ ಕಾನೂನುಗಳು ಗಂಡಸರನ್ನು ಮಾತ್ರ ಹಿಡಿಯುತ್ತಿದ್ದವು. ಸ್ವೀಡನ್ನಿನ ಸೆಕ್ಷನ್‌ನಲ್ಲಿ 'ಇನ್ನೊಬ್ಬ ವ್ಯಕ್ತಿ' ಅಂತ ಇದ್ದಿದ್ದರಿಂದ ಹೆಂಗಸರೂ ಅದರೊಳಗೆ ಬಂದರು. ನಿಜವಾಗಿ ಶಿಕ್ಷೆ ಆದ ಹೆಂಗಸರು ಬಹಳ ಕಡಿಮೆ. ಆದರೆ ಭಯ ಎಲ್ಲರಿಗೂ ಇತ್ತು.

ಸೆಲ್ಮಾ ಲಾಗರ್‌ಲಾಫ್ ಅವರನ್ನೇ ತೆಗೆದುಕೊಳ್ಳಿ. 1909ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಮಹಿಳೆ. ಸೋಫಿ ಎಲ್ಕಾನ್ ಮತ್ತು ವಾಲ್ಬೋರ್ಗ್ ಒಲಾಂಡರ್ ಎಂಬ ಇಬ್ಬರು ಮಹಿಳೆಯರಿಗೆ ಅವರು ಬರೆದ ಪ್ರೀತಿಯ ಪತ್ರಗಳನ್ನು ಅವರು ತೀರಿಕೊಂಡು 50 ವರ್ಷ ಆಗುವವರೆಗೆ ಯಾರೂ ತೆರೆಯುವಂತಿರಲಿಲ್ಲ. 1940ರಲ್ಲಿ ಅವರು ತೀರಿಕೊಂಡರು, 1990ರಲ್ಲಿ ಪತ್ರಗಳು ಹೊರಬಂದವು. ಇಡೀ ದೇಶವೇ ತಲೆಯ ಮೇಲೆ ಹೊತ್ತು ಮೆರೆಸಿದ ಲೇಖಕಿಯ ಬದುಕಿನ ಇಷ್ಟು ದೊಡ್ಡ ಭಾಗ ಅರ್ಧ ಶತಮಾನ ಮುಚ್ಚಿದ ಕಟ್ಟಿನಲ್ಲೇ ಇತ್ತು.

ಪತ್ರಿಕೆಗಳು ಈ ವಿಷಯವನ್ನು ಯಾವಾಗ ಬರೆಯಲು ಶುರು ಮಾಡಿದವು?

1907ರ ಸುಮಾರಿಗೆ. ಜರ್ಮನಿಯಲ್ಲಿ ಚಕ್ರವರ್ತಿಯ ಆಪ್ತ ಯೂಲೆನ್‌ಬುರ್ಗ್ ಮೇಲೆ ಹಗರಣ ಎದ್ದಿದ್ದ ಕಾಲ ಅದು. ಸ್ವೀಡನ್ನಿನಲ್ಲೂ ನಿಲ್ಸ್ ಸಾಂಟೆಸನ್ ಎಂಬ ಶಿಲ್ಪಿಗೆ ಅದೇ ಸೆಕ್ಷನ್ ಕೆಳಗೆ ಶಿಕ್ಷೆ ಆಯಿತು. ಸಲಿಂಗಿ ಎಂಬ ಬಗೆಯ ಮನುಷ್ಯ ಇದ್ದಾನೆ ಎನ್ನುವುದು ಬಹಳಷ್ಟು ಓದುಗರಿಗೆ ಗೊತ್ತಾಗಿದ್ದೇ ಈ ಎರಡು ಸುದ್ದಿಗಳಿಂದ. ಅಂದರೆ ಪರಿಚಯವೇ ಕೋರ್ಟಿನ ವರದಿಯ ಮೂಲಕ ಆಯಿತು. ಅಪರಾಧ, ಅವಮಾನ, ದೊಡ್ಡ ಮನೆತನದ ಗುಟ್ಟು, ಈ ಮೂರರ ಜೊತೆಗೇ ಆ ಪದ ಜನರ ಕಿವಿಗೆ ಬಿತ್ತು. ಮುಂದೆ ಅರ್ಧ ಶತಮಾನ ಪತ್ರಿಕೆಗಳ ಧಾಟಿ ಹೆಚ್ಚುಕಡಿಮೆ ಹೀಗೇ ಉಳಿಯಿತು.

ಈ ಕಾನೂನು ತಪ್ಪು ಅಂತ ಮೊದಲು ಗಟ್ಟಿಯಾಗಿ ಹೇಳಿದವರು ಯಾರು?

ಇಬ್ಬರ ಹೆಸರು ಹೇಳಲೇಬೇಕು. ಒಬ್ಬರು ಪ್ರೊಫೆಸರ್, ಇನ್ನೊಬ್ಬರು ಕಾರ್ಮಿಕ.

ವಿಲ್ಹೆಲ್ಮ್ ಲುಂಡ್‌ಸ್ಟೆಟ್ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರೊಫೆಸರ್. ಸೋಶಿಯಲ್ ಡೆಮಾಕ್ರಟ್ ಪಕ್ಷದ ಸಂಸದ ಕೂಡ. ಈ ಸೆಕ್ಷನ್ ತೆಗೆಯಬೇಕು ಎಂದು 1933ರಲ್ಲಿ ಸಂಸತ್ತಿನಲ್ಲಿ ಪ್ರಸ್ತಾವ ಮಂಡಿಸಿದರು. ಯಾರಿಗೂ ಹಾನಿ ಮಾಡದ ನಡತೆಯನ್ನು ಶಿಕ್ಷಿಸಿ ಸಮಾಜಕ್ಕೆ ಏನು ಲಾಭ ಎನ್ನುವುದು ಅವರ ಪ್ರಶ್ನೆ. ಪ್ರಸ್ತಾವ ಬಿದ್ದುಹೋಯಿತು. ಆದರೆ ಚರ್ಚೆ ಕೋರ್ಟಿನ ವರದಿಗಳಿಂದ ಸಂಸತ್ತಿಗೆ ಬಂತು.

ಎರಿಕ್ ಥೋರ್ಸೆಲ್ ಸುರಾಹಮ್ಮಾರ್ ಎಂಬ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. 1932ರಲ್ಲಿ ಬರ್ಲಿನ್‌ಗೆ ಹೋಗಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅವರ ಲೈಂಗಿಕ ವಿಜ್ಞಾನ ಸಂಸ್ಥೆಯಲ್ಲಿ ಕಲಿತು ಬಂದರು. ಮರುವರ್ಷ ತಮ್ಮ ಊರಲ್ಲೇ ಸಾರ್ವಜನಿಕ ಉಪನ್ಯಾಸ ಕೊಟ್ಟರು. ಸಲಿಂಗಿಗಳು ಅಪರಾಧಿಗಳೋ, ರೋಗಿಗಳೋ ಎಂಬುದೇ ಉಪನ್ಯಾಸದ ವಿಷಯ. ಎದುರು ಕೂತಿದ್ದವರು ಅವರನ್ನು ದಿನಾ ನೋಡುತ್ತಿದ್ದ ಊರಿನವರೇ. ಕಾನೂನು ಇನ್ನೂ ಜಾರಿಯಲ್ಲಿತ್ತು ಎನ್ನುವುದನ್ನು ಮರೆಯಬೇಡಿ. ಅದೇ ವರ್ಷ ಮೇ ತಿಂಗಳಲ್ಲಿ ನಾಜಿಗಳು ಬರ್ಲಿನ್‌ನ ಆ ಸಂಸ್ಥೆಗೆ ನುಗ್ಗಿ ಪುಸ್ತಕಗಳನ್ನು ಸುಟ್ಟರು.

ನನಗೆ ಲುಂಡ್‌ಸ್ಟೆಟ್ ಅವರ ಬಗ್ಗೆ ಗೌರವ ಇದೆ. ಆದರೆ ಥೋರ್ಸೆಲ್ ಬಗ್ಗೆ ಇರುವುದು ಅದಕ್ಕಿಂತ ಜಾಸ್ತಿ. ಪ್ರೊಫೆಸರಿಗೆ ಹುದ್ದೆಯ ರಕ್ಷಣೆ ಇತ್ತು. ಕಾರ್ಮಿಕನಿಗೆ ಅಂಥದ್ದೇನೂ ಇರಲಿಲ್ಲ.

1944ರಲ್ಲಿ ಕಾನೂನು ಬದಲಾಯಿತು ಅಂತಾರೆ. ಆಗ ಪೂರ್ತಿ ಸಮಾನತೆ ಸಿಕ್ಕಿತಾ?

ಇಲ್ಲ. 1944ರಲ್ಲಿ ಇಬ್ಬರು ವಯಸ್ಕರ ನಡುವಿನ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ಆಯಿತು. ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಗಂಡು-ಹೆಣ್ಣಿನ ಸಂಬಂಧಕ್ಕೆ ಒಪ್ಪಿಗೆಯ ವಯಸ್ಸು 15 ಇದ್ದರೆ, ಸಲಿಂಗಿಗಳಿಗೆ 18 ಎಂದು ಇಟ್ಟರು. ಕಿರಿಯರು ಅವಲಂಬಿತ ಸ್ಥಿತಿಯಲ್ಲಿದ್ದರೆ 21.

ಬದಲಾವಣೆಗೆ ಕೊಟ್ಟ ಕಾರಣವನ್ನೂ ನೋಡಬೇಕು. ಇದು ಪಾಪ ಅಲ್ಲ, ಇವರು ನಮ್ಮ ಹಾಗೇ ಮನುಷ್ಯರು ಅಂತ ಸಂಸತ್ತು ಹೇಳಲಿಲ್ಲ. ಇದು ಕಾಯಿಲೆ, ಕಾಯಿಲೆಗೆ ಜೈಲು ಔಷಧಿ ಅಲ್ಲ ಎನ್ನುವುದು ಆಗಿನ ಮುಖ್ಯ ವಾದ. ಹೀಗಾಗಿ ಸಲಿಂಗಿಗಳು ಪೊಲೀಸರ ಕೈಯಿಂದ ಡಾಕ್ಟರ ಕೈಗೆ ಹೋದರು. ಅದೇ 1944ರಲ್ಲಿ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಗೆ ಅವಕಾಶ ಕೊಡುವ ಕಾನೂನೂ ಬಂತು. ಕಾಗದದ ಮೇಲೆ ಅದಕ್ಕೆ ಸ್ವಂತ ಒಪ್ಪಿಗೆ ಬೇಕಿತ್ತು. ಆಸ್ಪತ್ರೆಯಲ್ಲಿ ಕೂಡಿಹಾಕಿರುವ ಮನುಷ್ಯನ ಒಪ್ಪಿಗೆಗೆ ಎಷ್ಟು ಅರ್ಥ ಇರುತ್ತದೆ?

ಕಾನೂನು ಸಡಿಲ ಆದ ಮೇಲೂ 1950ರ ದಶಕ ಯಾಕೆ ಅಷ್ಟು ಕೆಟ್ಟದಾಗಿತ್ತು?

ಎರಡು ಹಗರಣಗಳು ಒಂದರ ಹಿಂದೆ ಒಂದು ಬಂದವು. ಪತ್ರಿಕೆಗಳು ಅವನ್ನು ವರ್ಷಗಟ್ಟಲೆ ಬಿಡಲಿಲ್ಲ.

ಮೊದಲನೆಯದು ಕೆಯ್ನೆ ಪ್ರಕರಣ. ಕಾರ್ಲ್-ಎರಿಕ್ ಕೆಯ್ನೆ ಸ್ಟಾಕ್‌ಹೋಮ್‌ನಲ್ಲಿ ಬಡವರ ನಡುವೆ ಕೆಲಸ ಮಾಡುತ್ತಿದ್ದ ಪಾದ್ರಿ. ಗಂಡಸರಿಗೆ ಮೈ ಮಾರುವ ಹುಡುಗರ ಜಾಲದ ವಿರುದ್ಧ ಮಾತಾಡಿದ್ದಕ್ಕೆ ಸಲಿಂಗಿಗಳು ತನ್ನ ಬೆನ್ನು ಬಿದ್ದಿದ್ದಾರೆ, ಪೊಲೀಸರು ಕಣ್ಣು ಮುಚ್ಚಿ ಕೂತಿದ್ದಾರೆ, ಮೇಲಿನವರು ಅವರನ್ನು ಕಾಪಾಡುತ್ತಿದ್ದಾರೆ ಎಂಬುದು ಅವರ ಆರೋಪ. 1950ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಸರ್ಕಾರ ತನಿಖಾ ಆಯೋಗ ನೇಮಿಸಬೇಕಾಯಿತು. ಆರೋಪ ನಿಲ್ಸ್ ಕ್ವೆನ್ಸೆಲ್ ಎಂಬ ಮಂತ್ರಿಯವರೆಗೂ ಹೋಯಿತು. 1951ರಲ್ಲಿ ಅವರು ರಾಜೀನಾಮೆ ಕೊಟ್ಟರು.

ಎರಡನೆಯದು ಹೈಬಿ ಪ್ರಕರಣ. ಇದು ಅರಮನೆಯ ಬಾಗಿಲಿಗೇ ಹೋಯಿತು. ಕುರ್ಟ್ ಹೈಬಿ ಹೋಟೆಲು ನಡೆಸುತ್ತಿದ್ದವನು. ರಾಜ ಐದನೇ ಗುಸ್ತಾವ್ ಜೊತೆ ತನಗೆ ಸಂಬಂಧವಿತ್ತು ಎಂದು ಅವನು ಹೇಳಿಕೊಂಡ. ಅವನ ಬಾಯಿ ಮುಚ್ಚಿಸಲು ಅರಮನೆ ವರ್ಷಗಳ ಕಾಲ ದುಡ್ಡು ಕೊಟ್ಟಿತು, ಒಟ್ಟು ಸುಮಾರು 1,70,000 ಕ್ರೋನರ್. 1947ರಲ್ಲಿ ಅವನು ಹೆಸರು ಬದಲಿಸಿ ಕಥೆಯ ರೂಪದಲ್ಲಿ ಎಲ್ಲವನ್ನೂ ಬರೆದಾಗ ಪೊಲೀಸರು ಆ ಪ್ರತಿಗಳನ್ನು ಕೊಂಡು ಮುಚ್ಚಿಟ್ಟರು. ರಾಜ 1950ರಲ್ಲಿ ತೀರಿಕೊಂಡರು. 1952ರಲ್ಲಿ ಹೈಬಿಗೆ ಬೆದರಿಸಿ ಹಣ ಕಿತ್ತ ಆರೋಪದ ಮೇಲೆ 8 ವರ್ಷ ಶಿಕ್ಷೆ ಆಯಿತು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ರಾಜನ ಜೊತೆ ನಿಜಕ್ಕೂ ಸಂಬಂಧ ಇತ್ತೇ ಎಂಬ ವಾದ ಇನ್ನೂ ಮುಗಿದಿಲ್ಲ. ದುಡ್ಡು ಕೊಟ್ಟಿದ್ದು ಮಾತ್ರ ದಾಖಲೆಯಲ್ಲಿದೆ.

ಈ ಹಗರಣಗಳಲ್ಲಿ ಪತ್ರಿಕೆಗಳ ಪಾತ್ರ ಏನು? ಅವರು ಅಧಿಕಾರಸ್ಥರನ್ನು ಪ್ರಶ್ನೆ ಮಾಡಿದ್ದು ಒಳ್ಳೆಯದೇ ಅಲ್ವಾ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಪತ್ರಿಕಾ ಸ್ವಾತಂತ್ರ್ಯವನ್ನು ಕಾನೂನಿನಲ್ಲಿ ಬರೆದ ಮೊದಲ ದೇಶ ಸ್ವೀಡನ್. ಅದು 1766ರಲ್ಲಿ. ವಲಸೆ ಹೋದವರ ಕಾದಂಬರಿಗಳಿಂದ ಮನೆಮಾತಾಗಿದ್ದ ವಿಲ್ಹೆಲ್ಮ್ ಮೊಬೆರ್ಗ್ ಆ ಸ್ವಾತಂತ್ರ್ಯವನ್ನು ಪೂರ್ತಿ ಬಳಸಿಕೊಂಡರು. ನ್ಯಾಯ ವ್ಯವಸ್ಥೆ ಒಳಗಿಂದ ಕೊಳೆತಿದೆ, ದೊಡ್ಡವರನ್ನು ಉಳಿಸಲು ಸಣ್ಣವರನ್ನು ತುಳಿಯುತ್ತಿದ್ದಾರೆ ಎಂದು ಅವರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರೆದರು. ಪೊಲೀಸರು ಪುಸ್ತಕ ಕೊಂಡು ಮುಚ್ಚಿಡುವುದು, ಟೀಕಿಸಿದವನನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ನೋಡುವುದು, ಇವೆಲ್ಲ ಪ್ರಶ್ನಿಸಲೇಬೇಕಾದ ವಿಷಯಗಳು. ಅಷ್ಟರಮಟ್ಟಿಗೆ ಅವರು ಸರಿ.

ಆದರೆ ಈ ಬರಹಗಳ ಜೊತೆಗೆ ಇನ್ನೊಂದು ಚಿತ್ರವೂ ಮನೆಮನೆಗೆ ಹೋಯಿತು. ಸಲಿಂಗಿಗಳದ್ದು ಒಂದು ಗುಟ್ಟಿನ ಕೂಟ, ಅದರ ಬೇರು ಸರ್ಕಾರದೊಳಗೇ ಇದೆ, ಅವರು ಎಳೆಯ ಹುಡುಗರನ್ನು ಬಲೆಗೆ ಹಾಕಿಕೊಳ್ಳುತ್ತಾರೆ ಎಂಬ ಚಿತ್ರ. ಅಧಿಕಾರ ದುರುಪಯೋಗ ಮಾಡಿದ್ದು ಅಧಿಕಾರಿಗಳು. ಬೆಲೆ ತೆತ್ತಿದ್ದು ಯಾವ ಅಧಿಕಾರವೂ ಇಲ್ಲದ ಗುಮಾಸ್ತ, ಮೇಷ್ಟ್ರು, ಅಂಗಡಿ ಕೆಲಸದವ. ಕೆಲಸ ಹೋಗುವ ಭಯ, ಬೆದರಿಸಿ ದುಡ್ಡು ಕೇಳುವವರ ಭಯ. ಕಾನೂನು ಬಿಟ್ಟರೂ ಪತ್ರಿಕೆ ಬಿಡಲಿಲ್ಲ ಎನ್ನುವುದು ಆ ಪೀಳಿಗೆಯ ಅನುಭವ.

ನನ್ನ ಅಭಿಪ್ರಾಯ ಕೇಳಿದರೆ, ರಾಜನ ಅರಮನೆಯ ಲೆಕ್ಕ ಕೇಳಲು ಸಲಿಂಗಿಗಳ ಮೇಲೆ ಕೆಸರು ಎರಚುವ ಅಗತ್ಯ ಇರಲಿಲ್ಲ. ಎರಡನ್ನೂ ಬಿಡಿಸಿ ನೋಡುವ ಪತ್ರಕರ್ತರು ಆಗ ತುಂಬ ಕಡಿಮೆ ಇದ್ದರು.

ಆ ಕಾಲದಲ್ಲಿ ಸಲಿಂಗಿಗಳ ಪರವಾಗಿ ಯಾರೂ ನಿಲ್ಲಲಿಲ್ಲವೇ?

ನಿಂತರು, ಅದೂ ಹಗರಣಗಳ ನಟ್ಟನಡುವೆ. 1948ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾಗಿದ್ದ ಸಂಘದ ಸ್ವೀಡಿಷ್ ಶಾಖೆ 1950ರ ಅಕ್ಟೋಬರ್‌ನಲ್ಲಿ ಹುಟ್ಟಿತು. ಬೇಗನೇ ಅದು ಸ್ವತಂತ್ರ ಸಂಸ್ಥೆಯಾಯಿತು. ಅದೇ ಸಲಿಂಗಿಗಳ ಹಕ್ಕುಗಳಿಗಾಗಿ ಹೋರಾಡುವ ಇಂದಿನ ಆರ್‌ಎಫ್‌ಎಸ್‌ಎಲ್. ಇವತ್ತಿಗೂ ಕೆಲಸ ಮಾಡುತ್ತಿರುವ, ಜಗತ್ತಿನ ಅತಿ ಹಳೆಯ ಇಂಥ ಸಂಘಟನೆಗಳಲ್ಲಿ ಅದೂ ಒಂದು.

ಅದರ ಮೊದಲ ಮುಖಂಡ ಅಲನ್ ಹೆಲ್ಮನ್ ಎಂಬ ಎಂಜಿನಿಯರ್. 1951ರಲ್ಲಿ 'ಸೆ' ಎಂಬ ಚಿತ್ರಪತ್ರಿಕೆಯಲ್ಲಿ ತಾನು ಸಲಿಂಗಿ ಎಂದು ಸ್ವಂತ ಹೆಸರಿನಲ್ಲಿ ಹೇಳಿಕೊಂಡರು. ಕ್ವೆನ್ಸೆಲ್ ರಾಜೀನಾಮೆ ಕೊಟ್ಟ ವರ್ಷವೇ ಇದು. ಒಂದು ಕಡೆ ಸಂಶಯಕ್ಕೇ ಮಂತ್ರಿ ಪದವಿ ಹೋಗುತ್ತಿತ್ತು, ಇನ್ನೊಂದು ಕಡೆ ಒಬ್ಬರು ತಾವಾಗಿಯೇ ಮುಂದೆ ಬಂದು ನಿಂತರು. ಸಲಿಂಗಿಗಳನ್ನು ಬೇಟೆಯಾಡುತ್ತಿದ್ದ ಪತ್ರಿಕಾ ಲೋಕದಲ್ಲೇ ಅವರ ಮಾತಿಗೂ ಒಂದು ಜಾಗ ಸಿಕ್ಕಿತು ಎನ್ನುವುದನ್ನೂ ಇಲ್ಲಿ ಹೇಳಬೇಕು.

ಗಾಳಿ ಬದಲಾಗಿದ್ದು ಯಾವಾಗ?

1960ರ ದಶಕದ ನಡುವಿನಿಂದ. ಲೈಂಗಿಕತೆಯ ಬಗ್ಗೆ ಆ ಕಾಲದ ಸ್ವೀಡನ್ನಿನಲ್ಲಿ ದೊಡ್ಡ ಚರ್ಚೆಗಳೇ ನಡೆದವು. ಸಲಿಂಗಿಗಳ ಬದುಕನ್ನು ಅನುಕಂಪದಿಂದ ನೋಡುವ ಬರಹಗಳು ಬಂದವು. ಅವರನ್ನು ಪಾಪದವರು, ದುಃಖಿಗಳು ಅಂತ ನೋಡುವ ಧಾಟಿ ಇನ್ನೂ ಇತ್ತು. ಆದರೂ ಭಯ ಹುಟ್ಟಿಸುವ ಧಾಟಿಗಿಂತ ಅದು ಮೇಲು.

1971ರ ಮೇ ತಿಂಗಳಲ್ಲಿ ಓರೆಬ್ರೂ ಎಂಬ ಊರಿನ ಬೀದಿಯಲ್ಲಿ ಒಂದು ಸಣ್ಣ ಗುಂಪು ಮೆರವಣಿಗೆ ಮಾಡಿತು. ದೇಶದ ಮೊದಲ ಸಲಿಂಗಿ ಮೆರವಣಿಗೆ ಎಂದು ಅದನ್ನೇ ಗುರುತಿಸುತ್ತಾರೆ. ಅದು ಸ್ಟಾಕ್‌ಹೋಮ್‌ನಲ್ಲಿ ಆಗದೆ, ಶೂ ಕಾರ್ಖಾನೆಗಳಿಗೆ ಹೆಸರಾದ ಊರಿನಲ್ಲಿ ಆಯಿತು ಎನ್ನುವುದು ನನಗೆ ತುಂಬ ಇಷ್ಟದ ವಿಷಯ.

1973ರಲ್ಲಿ ಸಂಸತ್ತು ಒಂದು ಮುಖ್ಯ ಮಾತು ಹೇಳಿತು. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಜೊತೆಯಾಗಿ ಬಾಳುವುದು ಸಮಾಜದ ದೃಷ್ಟಿಯಲ್ಲಿ ಪೂರ್ತಿ ಒಪ್ಪತಕ್ಕ ಬಾಳುವೆ ಎಂದು. ಇದರಿಂದ ಯಾರ ಕೈಗೂ ಹೊಸ ಹಕ್ಕು ಬರಲಿಲ್ಲ. ಆದರೆ ಮುಂದಿನ 20 ವರ್ಷ ಪ್ರತಿ ಹೋರಾಟದಲ್ಲೂ ಇದೇ ವಾಕ್ಯವನ್ನು ತೋರಿಸಿ, ಹೇಳಿದ್ದನ್ನು ಮಾಡಿ ಎಂದು ಕೇಳಲು ಸಾಧ್ಯವಾಯಿತು. 1978ರಲ್ಲಿ ಒಪ್ಪಿಗೆಯ ವಯಸ್ಸು ಎಲ್ಲರಿಗೂ 15 ಎಂದಾಯಿತು.

1979ರ ಮೆಟ್ಟಿಲ ಹೋರಾಟದ ಕಥೆ ಏನು?

ಸಲಿಂಗಕಾಮ ಆಗಲೂ ಸರ್ಕಾರಿ ರೋಗಪಟ್ಟಿಯಲ್ಲಿತ್ತು. 1979ರ ಆಗಸ್ಟ್ 29ರಂದು ಕೆಲವು ಡಜನ್ ಹೋರಾಟಗಾರರು ಸ್ಟಾಕ್‌ಹೋಮ್‌ನ ಆರೋಗ್ಯ ಮತ್ತು ಕಲ್ಯಾಣ ಮಂಡಳಿಯ ಕಚೇರಿಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೆಲವರು ತಮ್ಮ ಕೆಲಸದ ಜಾಗಕ್ಕೆ ಫೋನ್ ಮಾಡಿ ರಜೆ ಕೇಳಿದರು. ಇವತ್ತು ನನಗೆ ಸಲಿಂಗಿ ಅನಿಸುತ್ತಿದೆ, ಕೆಲಸಕ್ಕೆ ಬರಲು ಆಗುವುದಿಲ್ಲ ಅಂತ. ಕಾಯಿಲೆ ಎಂದು ಸರ್ಕಾರವೇ ಹೇಳಿದ ಮೇಲೆ ಕಾಯಿಲೆ ರಜೆ ಕೊಡಬೇಕು ತಾನೇ?

ಮಂಡಳಿಯ ಮುಖ್ಯಸ್ಥೆ ಬಾರ್‌ಬ್ರೂ ವೆಸ್ಟರ್‌ಹೋಲ್ಮ್ ಆ ಹುದ್ದೆಗೆ ಹೊಸಬರು. ಸ್ವತಃ ಡಾಕ್ಟರ್. ಅವರು ಮೆಟ್ಟಿಲ ಹತ್ತಿರ ಬಂದು ಹೋರಾಟಗಾರರ ಜೊತೆ ಮಾತಾಡಿದರು. ಪಟ್ಟಿಯಿಂದ ಇದನ್ನು ತೆಗೆಯಬೇಕು ಎಂಬುದನ್ನು ಅವರೂ ಒಪ್ಪಿದರು. ಎರಡು ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 19ರಂದು ಸಲಿಂಗಕಾಮ ರೋಗಪಟ್ಟಿಯಿಂದ ಹೊರಬಂತು. ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸ ಮಾಡಿದ್ದು 1990ರಲ್ಲಿ.

ವೆಸ್ಟರ್‌ಹೋಲ್ಮ್ ಆಮೇಲೆ ಲಿಬರಲ್ ಪಕ್ಷದ ಸಂಸದೆಯಾದರು. 2023ರಲ್ಲಿ ತೀರಿಕೊಳ್ಳುವವರೆಗೂ ಆ ಸಮುದಾಯ ಅವರನ್ನು ತುಂಬ ಪ್ರೀತಿಯಿಂದ ಕಂಡಿತು. ಹೋರಾಟ ಮಾಡುವವರೂ ಬೇಕು, ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುವವರೂ ಬೇಕು. ಅವತ್ತು ಎರಡೂ ಒಂದೇ ಮೆಟ್ಟಿಲ ಮೇಲಿದ್ದವು.

ಸಲಿಂಗಿಗಳದ್ದೇ ಪತ್ರಿಕೆಗಳು ಇದ್ದವಾ?

ಇದ್ದವು. 1970ರ ದಶಕದಲ್ಲಿ 'ರಿವೋಲ್ಟ್', 1980ರಿಂದ ಆರ್‌ಎಫ್‌ಎಸ್‌ಎಲ್‌ನ 'ಕೊಮ್ ಊತ್', 1995ರಿಂದ 'ಕ್ಯೂಎಕ್ಸ್'. ದೊಡ್ಡ ಪತ್ರಿಕೆಗಳು ಬರೆಯದಿದ್ದ ವಿಷಯಗಳು ಮೊದಲು ಬಂದಿದ್ದು ಇಂಥವುಗಳಲ್ಲೇ.

ಏಡ್ಸ್ ಬಂದಾಗ ಸ್ವೀಡನ್ ಹೇಗೆ ನಡೆದುಕೊಂಡಿತು?

ಹೆದರಿತು. ಹೆದರಿ ಬಿಗಿ ಮಾಡಿತು. ಮೊದಲ ರೋಗಿಗಳು ಗೊತ್ತಾಗಿದ್ದು 1982ರಲ್ಲಿ. ಸಲಿಂಗಿಗಳನ್ನೇ ರೋಗದ ಮೂಲ ಎನ್ನುವಂಥ ಬರಹಗಳು ಮತ್ತೆ ಕಾಣಿಸಿಕೊಂಡವು. 1950ರ ದಶಕ ಕಂಡಿದ್ದ ಹಿರಿಯರಿಗೆ ಅದೇ ದಿನಗಳು ವಾಪಸ್ ಬಂದಂತೆ ಆಗಿರಬೇಕು. ಆಗ ನೈತಿಕತೆಯ ಹೆಸರು, ಈಗ ಆರೋಗ್ಯದ ಹೆಸರು.

1985ರಲ್ಲಿ ಎಚ್‌ಐವಿಯನ್ನು ಲೈಂಗಿಕ ರೋಗಗಳ ಕಾನೂನಿನೊಳಗೆ ತಂದರು. ಸೋಂಕು ಇರುವವರು ಡಾಕ್ಟರ ಸೂಚನೆ ಪಾಲಿಸದಿದ್ದರೆ ಬಲವಂತವಾಗಿ ಕೂಡಿಹಾಕಬಹುದಿತ್ತು. ಹಾಗೆ ಕೂಡಿಹಾಕಿದ್ದೂ ಉಂಟು. ಅಂಥ ಒಬ್ಬರ ಪ್ರಕರಣದಲ್ಲಿ ಸ್ವೀಡನ್ ವ್ಯಕ್ತಿಯ ಸ್ವಾತಂತ್ರ್ಯದ ಹಕ್ಕನ್ನು ಮುರಿದಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ತೀರ್ಪು ಕೊಟ್ಟಿತು.

1987ರಲ್ಲಿ ಸಲಿಂಗಿ ಗಂಡಸರು ಸೇರುತ್ತಿದ್ದ ಸೌನಾ, ಅಂದರೆ ಬಿಸಿ ಹಬೆ ಸ್ನಾನದ, ಕ್ಲಬ್‌ಗಳನ್ನು ನಿಷೇಧಿಸುವ ಕಾನೂನು ಬಂತು. ಅಲ್ಲಿಗೆ ಬರುವವರಿಗೆ ಸೋಂಕಿನ ಬಗ್ಗೆ ತಿಳಿಸಿ ಹೇಳುವ ದಾರಿಯೇ ಇದರಿಂದ ಮುಚ್ಚಿಹೋಗುತ್ತದೆ ಎಂದು ವಿರೋಧಿಗಳು ವಾದಿಸಿದರು. ನಿಷೇಧ 2004ರವರೆಗೆ ಉಳಿಯಿತು.

ಆದರೆ ಅದೇ 1987ರಲ್ಲಿ ಇನ್ನೆರಡು ಕೆಲಸ ಆದವು. ಅಂಗಡಿ, ಹೋಟೆಲು, ಸರ್ಕಾರಿ ಕಚೇರಿಗಳಲ್ಲಿ ಸಲಿಂಗಿ ಎಂಬ ಕಾರಣಕ್ಕೆ ಭೇದ ಮಾಡುವುದು ಅಪರಾಧ ಎಂದಾಯಿತು. ಜೊತೆಯಾಗಿ ಬಾಳುವ ಸಲಿಂಗಿ ಜೋಡಿಗಳಿಗೆ ಮನೆ ಮತ್ತು ಮನೆಸಾಮಾನಿನ ಮೇಲೆ ಹಕ್ಕು ಕೊಡುವ ಕಾನೂನೂ ಪಾಸಾಯಿತು. 1944ರಲ್ಲಿ ಆದ ಹಾಗೆಯೇ ಅಲ್ವಾ? ಒಂದೇ ವರ್ಷ, ಎರಡು ದಿಕ್ಕು.

2012ರಲ್ಲಿ ಸ್ವೀಡಿಷ್ ಟೆಲಿವಿಷನ್‌ನಲ್ಲಿ ಆ ವರ್ಷಗಳ ಕುರಿತ ನಾಟಕ ಸರಣಿ ಬಂದಾಗ ದೇಶವೆಲ್ಲ ಅದರ ಬಗ್ಗೆ ಮಾತಾಡಿತು. ಸಾಯುತ್ತಿರುವ ಹುಡುಗನ ಹೆಸರನ್ನು ಅವನ ಮನೆಯವರೇ ಊರಲ್ಲಿ ಎತ್ತದಿದ್ದ ಕಾಲವನ್ನು ಬಹಳ ಜನ ಆಗಷ್ಟೇ ಎದುರಿಗೆ ಕಂಡರು.

ರಾಜಕೀಯ ಪಕ್ಷಗಳಲ್ಲಿ ಯಾರು ಪರ, ಯಾರು ವಿರೋಧ?

ಎಡ ಪಕ್ಷ, ಲಿಬರಲ್ಲರು, ಗ್ರೀನ್ ಪಕ್ಷ ಬೇಗ ಮುಂದೆ ಬಂದರು. ದೊಡ್ಡ ಪಕ್ಷವಾದ ಸೋಶಿಯಲ್ ಡೆಮಾಕ್ರಟ್ಸ್ ನಿಧಾನ. ಲುಂಡ್‌ಸ್ಟೆಟ್ ಅವರ ಪಕ್ಷವೇ ಆದರೂ, ಏಡ್ಸ್ ಕಾಲದ ಕಠಿಣ ಕಾನೂನುಗಳು ಬಂದಿದ್ದೂ ಅದರ ಸರ್ಕಾರದಲ್ಲೇ. ಬಲಪಂಥದ ಮಾಡರೇಟ್ ಪಕ್ಷದ ಹಲವರು 1990ರ ದಶಕದಲ್ಲೂ ಒಪ್ಪಿರಲಿಲ್ಲ, ಆಮೇಲೆ ಬದಲಾದರು.

ಕೊನೆಯವರೆಗೂ ವಿರೋಧಿಸಿದ್ದು ಕ್ರಿಶ್ಚಿಯನ್ ಡೆಮಾಕ್ರಟ್ಸ್. ಪೆಂಟೆಕೋಸ್ಟಲ್ ಎಂಬ ಕ್ರೈಸ್ತ ಪಂಗಡದ ನಾಯಕ ಲೆವಿ ಪೆಥ್ರುಸ್ 1964ರಲ್ಲಿ ಕಟ್ಟಲು ಕಾರಣರಾದ ಪಕ್ಷ ಅದು. 1945ರಲ್ಲಿ 'ದಾಗೆನ್' ಎಂಬ ದಿನಪತ್ರಿಕೆ ಶುರು ಮಾಡಿದ್ದೂ ಅವರೇ. ರಾಜಕೀಯದಲ್ಲೂ ಪತ್ರಿಕಾ ಲೋಕದಲ್ಲೂ ವಿರೋಧದ ದನಿಗೆ ಒಂದೇ ಬೇರು ಇತ್ತು ಎನ್ನಬಹುದು.

ಮದುವೆಯ ಹಕ್ಕು ಹೇಗೆ ಬಂತು?

ಎರಡು ಹಂತದಲ್ಲಿ. 1994ರಲ್ಲಿ ನೋಂದಾಯಿತ ಸಹಬಾಳ್ವೆಯ ಕಾನೂನು ಪಾಸಾಗಿ 1995ರ ಜನವರಿ 1ರಿಂದ ಜಾರಿಗೆ ಬಂತು. ಡೆನ್ಮಾರ್ಕ್ 1989ರಲ್ಲಿ, ನಾರ್ವೆ 1993ರಲ್ಲಿ ಇದನ್ನು ಮಾಡಿ ಆಗಿತ್ತು. ಹಕ್ಕುಗಳೆಲ್ಲ ಮದುವೆಯ ಹಾಗೆ, ಆದರೆ ಮಕ್ಕಳನ್ನು ದತ್ತು ಪಡೆಯುವಂತಿಲ್ಲ, ಚರ್ಚಿನಲ್ಲಿ ಮದುವೆ ಇಲ್ಲ. ದತ್ತು ಹಕ್ಕು 2003ರಲ್ಲಿ ಬಂತು. ಸ್ತ್ರೀ ಜೋಡಿಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆ 2005ರಲ್ಲಿ.

2009ರಲ್ಲಿ ಮದುವೆಯ ಕಾನೂನೇ ಎಲ್ಲರಿಗೂ ಒಂದಾಯಿತು. ಆಗ ಇದ್ದಿದ್ದು ಬಲಪಂಥೀಯ ಮೈತ್ರಿ ಸರ್ಕಾರ. ಪ್ರಧಾನಿ ಫ್ರೆಡ್ರಿಕ್ ರೈನ್‌ಫೆಲ್ಟ್. ಕ್ರಿಶ್ಚಿಯನ್ ಡೆಮಾಕ್ರಟ್ಸ್ ಆ ಸರ್ಕಾರದಲ್ಲೇ ಇದ್ದು ಒಪ್ಪದಿದ್ದರಿಂದ ಸರ್ಕಾರ ಮಸೂದೆ ತರಲು ಆಗಲಿಲ್ಲ. ಉಳಿದ ಪಕ್ಷಗಳು ಸಂಸತ್ತಿನ ಸಮಿತಿಯ ಮೂಲಕವೇ ತಂದವು. ಏಪ್ರಿಲ್ 1ರಂದು 261 ಮತ ಪರ, 22 ವಿರೋಧ. ಮೇ 1ರಿಂದ ಜಾರಿ.

ಚರ್ಚ್ ಏನು ಮಾಡಿತು?

ಸ್ವೀಡನ್ ಚರ್ಚ್ 2000ದವರೆಗೆ ಸರ್ಕಾರದ ಭಾಗವೇ ಆಗಿತ್ತು. ಆದ್ದರಿಂದ ಅದರ ನಿಲುವು ರಾಜಕೀಯವೂ ಹೌದು. 1998ರಲ್ಲಿ ಎಲಿಸಬೆತ್ ಉಲ್ಸೊನ್ ಅವರ ಫೋಟೋ ಪ್ರದರ್ಶನ ಉಪ್ಸಾಲ ಕ್ಯಾಥೆಡ್ರಲ್‌ನಲ್ಲಿ ನಡೆಯಿತು. ಅದರಲ್ಲಿ ಯೇಸು ಸಲಿಂಗಿಗಳ ನಡುವೆ, ಏಡ್ಸ್ ರೋಗಿಗಳ ನಡುವೆ ಇದ್ದ. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಜಗಳ ನಡೆಯಿತು. ಪೋಪ್ ಎರಡನೇ ಜಾನ್ ಪಾಲ್ ಆರ್ಚ್‌ಬಿಷಪ್ ಹಮ್ಮಾರ್ ಅವರ ಜೊತೆಗಿನ ಭೇಟಿ ರದ್ದು ಮಾಡಿದರು.

2009ರ ಅಕ್ಟೋಬರ್‌ನಲ್ಲಿ ಚರ್ಚಿನ ಮಹಾಸಭೆ ಸಲಿಂಗಿ ಜೋಡಿಗಳಿಗೂ ಮದುವೆ ಮಾಡಿಸಲು ಒಪ್ಪಿತು. ಮುಂದಿನ ತಿಂಗಳು ಎವಾ ಬ್ರುನ್ನೆ ಸ್ಟಾಕ್‌ಹೋಮ್‌ನ ಬಿಷಪ್ ಆದರು. ಅವರು ಹೆಂಗಸೊಬ್ಬರ ಜೊತೆ ಬಾಳುವೆ ನಡೆಸುತ್ತಿರುವುದು ಎಲ್ಲರಿಗೂ ಗೊತ್ತಿತ್ತು.

ಸಲಿಂಗಿಗಳನ್ನು ಟೀಕಿಸಿದ ಪಾದ್ರಿಗೆ ಜೈಲು ಆಯಿತು ಅಂತ ಕೇಳಿದ್ದೇನೆ. ನಿಜವಾ?

ಅರ್ಧ ನಿಜ. ಜನವರ್ಗದ ವಿರುದ್ಧ ದ್ವೇಷ ಹರಡುವುದನ್ನು ತಡೆಯುವ ಕಾನೂನಿಗೆ 2003ರಲ್ಲಿ ಲೈಂಗಿಕ ಒಲವನ್ನೂ ಸೇರಿಸಿದರು. ಅದೇ ವರ್ಷ ಓಲಾಂಡ್ ದ್ವೀಪದ ಬೋರ್ಗ್‌ಹೋಮ್‌ನಲ್ಲಿ ಪೆಂಟೆಕೋಸ್ಟಲ್ ಪಾದ್ರಿ ಓಕೆ ಗ್ರೀನ್ ಸಲಿಂಗಕಾಮವನ್ನು ಸಮಾಜದ ಮೈಯಲ್ಲಿರುವ ಕ್ಯಾನ್ಸರ್ ಗೆಡ್ಡೆಗೆ ಹೋಲಿಸಿ ಉಪದೇಶ ಮಾಡಿದರು. 2004ರಲ್ಲಿ ಕೆಳಗಿನ ಕೋರ್ಟ್ ಒಂದು ತಿಂಗಳ ಜೈಲು ವಿಧಿಸಿತು. ಮೇಲಿನ ಕೋರ್ಟ್ ಬಿಡುಗಡೆ ಮಾಡಿತು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಬಿಟ್ಟಿತು. ಶಿಕ್ಷೆ ಕೊಟ್ಟರೆ ಯುರೋಪಿನ ಮಾನವ ಹಕ್ಕುಗಳ ಒಪ್ಪಂದ ಮುರಿದಂತೆ ಆಗಬಹುದು ಎನ್ನುವುದು ಕಾರಣ. ಅವರು ಆ ಒಂದು ತಿಂಗಳ ಜೈಲು ಅನುಭವಿಸಲೇ ಇಲ್ಲ.

ಆ ಮಾತುಗಳು ನನಗೆ ನೋವು ತರುತ್ತವೆ. ಆದರೂ ಬಿಡುಗಡೆ ಸರಿ ಎಂದೇ ನನ್ನ ನಂಬಿಕೆ. ಹೆಲ್ಮನ್ ಮಾತಾಡಲು ಸಾಧ್ಯ ಮಾಡಿಕೊಟ್ಟಿದ್ದೂ ಅದೇ ವಾಕ್ ಸ್ವಾತಂತ್ರ್ಯ.

ಲಿಂಗ ಪರಿವರ್ತಿತರ ವಿಷಯದಲ್ಲಿ?

ಕಾನೂನಿನ ಪ್ರಕಾರ ಲಿಂಗ ಬದಲಿಸಿಕೊಳ್ಳಲು 1972ರಲ್ಲೇ ದಾರಿ ಮಾಡಿಕೊಟ್ಟ ಮೊದಲ ದೇಶ ಸ್ವೀಡನ್. ಆದರೆ ಹಾಗೆ ಮಾಡಬೇಕಾದರೆ ಸಂತಾನಶಕ್ತಿ ಕಳೆದುಕೊಳ್ಳಬೇಕು ಎಂಬ ಷರತ್ತು ಜೊತೆಗಿತ್ತು. ಅದು ಹೋಗಿದ್ದು 2013ರಲ್ಲಿ. ಹಾಗೆ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ತಲಾ 2,25,000 ಕ್ರೋನರ್ ಪರಿಹಾರ ಕೊಡಲು 2018ರಲ್ಲಿ ಸಂಸತ್ತು ಒಪ್ಪಿತು. 2024ರ ಏಪ್ರಿಲ್‌ನಲ್ಲಿ ಹೊಸ ಕಾನೂನು ಪಾಸಾಗಿ ವಯಸ್ಸಿನ ಮಿತಿ 18ರಿಂದ 16ಕ್ಕೆ ಇಳಿಯಿತು. ಇವತ್ತು ಪತ್ರಿಕೆಗಳ ಅಭಿಪ್ರಾಯ ಪುಟಗಳಲ್ಲಿ ಬಿಸಿ ಚರ್ಚೆ ನಡೆಯುವುದು ಇದರ ಬಗ್ಗೆಯೇ.

ಈಗ ಎಲ್ಲ ಸರಿಹೋಗಿದೆಯಾ?

ಕಾನೂನಿನ ಮಟ್ಟದಲ್ಲಿ ಬಹುಪಾಲು ಆಗಿದೆ. 2011ರಿಂದ ಲೈಂಗಿಕ ಒಲವಿನ ಕಾರಣಕ್ಕೆ ಅನ್ಯಾಯ ಮಾಡುವ ಕಾನೂನು ತರುವುದನ್ನೇ ಸಂವಿಧಾನ ತಡೆಯುತ್ತದೆ. ಆದರೆ 2019ರಲ್ಲಿ ವಲಸೆ ವಿರೋಧಿ ಸ್ವೀಡನ್ ಡೆಮಾಕ್ರಟ್ಸ್ ಪಕ್ಷದ ಮುಂದಾಳತ್ವದಲ್ಲಿದ್ದ ಸೋಲ್ವೆಸ್‌ಬೋರ್ಗ್ ಪುರಸಭೆ ಪ್ರೈಡ್ ಬಾವುಟ ಹಾರಿಸುವುದನ್ನು ನಿಲ್ಲಿಸಿತು. ಅದರ ವಿರುದ್ಧ ಅಲ್ಲಿ ಜನ ಬೀದಿಗಿಳಿದರು. ಸಣ್ಣ ಊರಿನ ಹೈಸ್ಕೂಲಿನಲ್ಲಿ ಓದುವ ಹುಡುಗನಿಗೋ ಹುಡುಗಿಗೋ ಆ ಬಾವುಟ ಎಷ್ಟು ದೊಡ್ಡ ಧೈರ್ಯ ಎಂದು ಗೊತ್ತಿರುವವರು ಇದನ್ನು ಸಣ್ಣ ವಿಷಯ ಅನ್ನುವುದಿಲ್ಲ.

ಸ್ವೀಡನ್ನಿನಲ್ಲಿ ಮದುವೆಯಾದ ಸಲಿಂಗಿ ಜೋಡಿ ಬೆಂಗಳೂರಿಗೆ ಬಂದರೆ ಅವರ ಮದುವೆಗೆ ಇಲ್ಲಿ ಮಾನ್ಯತೆ ಇದೆಯಾ?

ಸದ್ಯಕ್ಕೆ ಇಲ್ಲ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧವನ್ನು 377ನೇ ಸೆಕ್ಷನ್‌ನಿಂದ ಹೊರಗಿಟ್ಟಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಎಂದಿತು. ಹಾಗಾಗಿ ಸ್ಟಾಕ್‌ಹೋಮ್‌ನಲ್ಲಿ ಗಂಡ-ಗಂಡ, ಹೆಂಡತಿ-ಹೆಂಡತಿ ಆಗಿರುವವರು ಇಲ್ಲಿ ಬಂದಿಳಿದರೆ ಕಾನೂನಿನ ಕಣ್ಣಿಗೆ ಇಬ್ಬರು ಅವಿವಾಹಿತರು.